ಚೀನಾದಲ್ಲಿ ಊರಿಂದೂರಿಗೆ ಕಡಿಮೆ ಖರ್ಚಲ್ಲಿ ಓಡಾಡೋದು ಹೇಗೆ? ಟ್ರೈನಾ, ಬಸ್ಸಾ?

ಬೆಟಗೇರಿ_ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವನು. ಏಪ್ರಿಲ್ ಎರಡನೇ ವಾರ ನಾನೂ ನನ್ನ ಸೋದರತ್ತೆ ಮಗನೂ ಚೀನಾಕ್ಕೆ ಹೊರಟಿದ್ದೇವೆ. ಬೀಜಿಂಗ್, ಶಿಯಾನ್, ಚೆಂಗ್ಡು ನೋಡಿಕೊಂಡು ಗ್ವಾಂಗ್‌ಝೌನಿಂದ ವಾಪಸ್. ಒಟ್ಟು 16 ದಿನ. ವಿಮಾನಕ್ಕೇ ಅರ್ಧ ದುಡ್ಡು ಹೋಯಿತು. ಬುಲೆಟ್ ಟ್ರೈನ್ ರೇಟ್ ನೋಡಿ ಎದೆ ಧಸಕ್ ಅಂತು. ಗದಗಿಂದ ಬೆಂಗಳೂರಿಗೆ ರಾತ್ರಿ ಸ್ಲೀಪರ್ ಬಸ್ ಹತ್ತಿ ಮಲಗಿಬಿಡುತ್ತೇವಲ್ಲ, ಅಲ್ಲೂ ಹಾಗೆ ಮಾಡಬಹುದಾ? ಹೋಗಿ ಬಂದವರು ಹೇಳಿ.

ಧಾರವಾಡ_ಡಾಕ್ಟರ್
ತಮ್ಮಾ, ಸ್ಲೀಪರ್ ಬಸ್ಸಿನ ಆಸೆ ಬಿಡು. ಸಾಲು ಸಾಲು ಅಪಘಾತ ಆದ ಮೇಲೆ 2012ರಲ್ಲೇ ಹೊಸ ಸ್ಲೀಪರ್ ಬಸ್ ತಯಾರಿಸೋದನ್ನು ಅಲ್ಲಿ ನಿಲ್ಲಿಸಿದರು. ರಾತ್ರಿ 2ರಿಂದ 5ರವರೆಗೆ ದೂರದ ಬಸ್ ಓಡಿಸೋ ಹಾಗೂ ಇಲ್ಲ. ಬಸ್ಸು ಏನಿದ್ದರೂ ಟ್ರೈನ್ ಮುಟ್ಟದ ಸಣ್ಣ ಊರಿಗೆ.

ನಿನಗೆ ಬೇಕಾಗಿದ್ದು ಹಳೇ ರಾತ್ರಿ ಟ್ರೈನು. ನಾನು ಅಲ್ಲಿ ಎಂಬಿಬಿಎಸ್ ಓದುವಾಗ ಅದರಲ್ಲೇ ಓಡಾಡಿದ್ದು. ನಂಬರಿನ ಮುಂದೆ ಜಿ ಅಥವಾ ಡಿ ಇದ್ದರೆ ವೇಗದ್ದು, ಕೆ, ಟಿ, ಝಡ್ ಇದ್ದರೆ ಹಳೇದು. ಬೀಜಿಂಗ್-ಶಿಯಾನ್ ಬುಲೆಟ್‌ನಲ್ಲಿ 500 ಯುವಾನ್ ದಾಟುತ್ತೆ, ಅದೇ ಹಳೇ ಟ್ರೈನಿನ ಹಾರ್ಡ್ ಸ್ಲೀಪರ್ 300ರ ಒಳಗೆ. ರಾತ್ರಿ ಮಲಗಿ ಬೆಳಿಗ್ಗೆ ಇಳಿದರೆ ಒಂದು ದಿನದ ಲಾಡ್ಜ್ ದುಡ್ಡೂ ಉಳೀತು. ಹಾರ್ಡ್ ಅಂತ ಹೆಸರಷ್ಟೇ, ಹಾಸಿಗೆ, ದಿಂಬು, ಹೊದಿಕೆ ಎಲ್ಲ ಕೊಡ್ತಾರೆ. ನಮ್ಮ ತ್ರೀ ಟಯರ್ ತರಹ ಮೂರು ಅಂತಸ್ತು, ಬಾಗಿಲು ಇಲ್ಲ. ಮೇಲಿನ ಬರ್ತ್ ಅಗ್ಗ, ಆದರೆ ಅಲ್ಲಿ ನೆಟ್ಟಗೆ ಕೂರೋಕೂ ಆಗಲ್ಲ.

ಹಾರ್ಡ್ ಸೀಟ್ ಮಾತ್ರ ರಾತ್ರಿಗೆ ಬೇಡ. ನನ್ನ ಕತೆ ಕೇಳು. ಶಿಯಾನ್‌ನಲ್ಲಿ ಹಳೇ ಟ್ರೈನ್ ಹೆಚ್ಚಾಗಿ ಕೋಟೆ ಪಕ್ಕದ ಸ್ಟೇಷನ್‌ನಿಂದ ಹೊರಡುತ್ತೆ, ಬುಲೆಟ್ ಶಿಯಾನ್ ಬೇಯಿಂದ. ಬೇ ಅಂದರೆ ಉತ್ತರ. ನಾನು ಗೊತ್ತಿಲ್ಲದೆ ಶಿಯಾನ್ ಬೇ ಸ್ಟೇಷನ್‌ಗೆ ಹೋಗಿ ಕೂತೆ, ಹುಬ್ಬಳ್ಳಿ ಟಿಕೆಟ್ ಇಟ್ಟುಕೊಂಡು ನವಲೂರ ಸ್ಟೇಷನ್‌ನಲ್ಲಿ ಕಾದ ಹಾಗೆ. ಟ್ರೈನ್ ಹೋಯಿತು. ಅದೇ ದಿನದ ಇನ್ನೊಂದಕ್ಕೆ ಬದಲಾಯಿಸಿ ಕೊಟ್ಟರು, ಆದರೆ ಉಳಿದಿದ್ದು ಹಾರ್ಡ್ ಸೀಟ್ ಒಂದೇ. ಬೆನ್ನು ಹಲಗೆಗೆ ಅಂಟಿದ ಹಾಗೆ ನೆಟ್ಟಗೆ ಕೂರಬೇಕು, ರಾತ್ರಿಯಿಡೀ ಲೈಟ್ ಆರಿಸಲ್ಲ, ನಡುವಿನ ದಾರಿಯಲ್ಲಿ ಸಣ್ಣ ಸ್ಟೂಲ್ ಹಾಕಿಕೊಂಡು ಸ್ಟ್ಯಾಂಡಿಂಗ್ ಟಿಕೆಟ್‌ನವರು. ಎದುರಿನ ಅಜ್ಜಿಯೊಬ್ಬರು ಸುಮ್ನೆ ನನ್ನ ಅಂಗೈಗೆ ಸೂರ್ಯಕಾಂತಿ ಬೀಜ ಸುರಿಯುತ್ತಲೇ ಇದ್ದರು. ಮಾತು ತಿಳೀಲಿಲ್ಲ, ಬೀಜ ಸುಲಿದು ಸುಲಿದು ಬೆಳಗಾಯಿತು.

ದಾಜಿಬಾನಪೇಟೆ_ಅಂಗಡಿ
ಅಕ್ಕಾರು ಹೇಳಿದ್ದು ಸರಿ. ನಾನು ಮಾಲು ತರೋಕೆ ಗ್ವಾಂಗ್‌ಝೌ, ಯೀವು ಕಡೆ ಹೋಗೋನು. ಒಂದು ಮಾತು ಸೇರಿಸ್ತೀನಿ, ಎಲ್ಲಾ ಕಡೆ ಹಳೇ ಟ್ರೈನೇ ಅಂತ ಹಟ ಬೇಡ. ಶಿಯಾನ್-ಚೆಂಗ್ಡು ಹೊಸ ಲೈನ್ 2017ರ ಡಿಸೆಂಬರ್‌ನಲ್ಲಿ ಶುರುವಾಯಿತು, ಚಿನ್‌ಲಿಂಗ್ ಬೆಟ್ಟ ಕೊರೆದುಕೊಂಡು ಸುಮಾರು ನಾಲ್ಕು ಗಂಟೆಯಲ್ಲಿ ತಲುಪಿಸುತ್ತೆ, ಟಿಕೆಟ್ 260 ಯುವಾನ್ ಆಸುಪಾಸು. ಅಲ್ಲಿ ಬುಲೆಟ್ಟೇ ಹತ್ತಿ. ಚೆಂಗ್ಡುವಿನಿಂದ ಗ್ವಾಂಗ್‌ಝೌಗೆ ಹಳೇದಾದರೆ ಸುಮಾರು ಒಂದು ದಿನ ಪೂರ್ತಿ ಬೇಕು, ನೀವೇ ಯೋಚಿಸಿ.

ಟಿಕೆಟ್ 15 ದಿನ ಮುಂಚೆ ಬಿಡ್ತಾರೆ. 12306 ಅನ್ನೋದು ಸರ್ಕಾರಿ ಆಪ್, ಇಂಗ್ಲಿಷ್‌ನಲ್ಲೂ ಇದೆ, ಏಜೆಂಟ್ ಆಪ್‌ನವರು ಮೇಲೆ ಕಮಿಷನ್ ಹಾಕ್ತಾರೆ. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ತುಂಬಿ. ನಮ್ಮವರ ಹೆಸರಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಹಿಂದೆ ಮುಂದೆ ಆಗಿ ನನಗೇ ಒಮ್ಮೆ ತಲೆಬಿಸಿ ಆಗಿತ್ತು. ಕಾಗದದ ಟಿಕೆಟ್ ಬೇಕಿಲ್ಲ, ಗೇಟ್‌ನಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಆಯಿತು.

ಇನ್ನೊಂದು. ನಮ್ಮ ಹುಬ್ಬಳ್ಳಿಯಲ್ಲಿ 1,507 ಮೀಟರ್ ಪ್ಲಾಟ್‌ಫಾರಂ ಇದೆ, ಕೊನೇ ಗಳಿಗೆಯಲ್ಲಿ ಓಡಿ ಯಾವುದೋ ಬೋಗಿ ಹಿಡೀಬಹುದು. ಅಲ್ಲಿ ಆ ಆಟ ನಡೆಯಲ್ಲ. ವಿಮಾನ ನಿಲ್ದಾಣದ ಹಾಗೆ ಬ್ಯಾಗ್ ಸ್ಕ್ಯಾನ್, ದೊಡ್ಡ ಹಾಲ್‌ನಲ್ಲಿ ಕಾಯಬೇಕು, ಹೊರಡೋ ಕೆಲವು ನಿಮಿಷ ಮುಂಚೆ ಗೇಟ್ ಮುಚ್ಚಿಬಿಡ್ತಾರೆ. ಒಂದು ತಾಸು ಮುಂಚೆ ಹೋಗಿ. ಚಾಕು ಗೀಕು ಇಟ್ಕೋಬೇಡಿ.

ಬೆಟಗೇರಿ_ಹುಡುಗ
ಅಕ್ಕಾ, ಅಣ್ಣಾ, ತುಂಬಾ ಉಪಕಾರ ಆಯಿತು. ನಾವಿಬ್ಬರೂ ಶಾಕಾಹಾರಿ. ಅವ್ವ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡ್ತೀನಿ ಅಂತಾಳೆ. ಅಲ್ಲಿನ ಗೆಳೆಯನಿಗೆ ಒಂದು ಕೆಜಿ ಪೇಡೆನೂ ಒಯ್ಯಲಾ?

ಧಾರವಾಡ_ಡಾಕ್ಟರ್
ಪೇಡೆ ಬೇಡಪ್ಪಾ, ಹಾಲಿನ ಪದಾರ್ಥ ಅಂತ ಕಸ್ಟಮ್ಸ್‌ನಲ್ಲಿ ಹಿಡಿದುಕೊಂಡರೆ ಹೊಟ್ಟೆ ಉರಿಯುತ್ತೆ. ರೊಟ್ಟಿ ಚಟ್ನಿ ನಾನೂ ಪ್ರತಿ ಸಲ ಒಯ್ಯುತ್ತಿದ್ದೆ, ಯಾರೂ ಕೇಳಲಿಲ್ಲ. ಪ್ರತಿ ಬೋಗಿಯಲ್ಲೂ ಕುದಿಯೋ ನೀರಿನ ನಲ್ಲಿ ಇರುತ್ತೆ, ಬಾಟಲಿ ಬದಲು ಸ್ಟೀಲ್ ಲೋಟ ಇಟ್ಕೋ, ಚಹಾಪುಡಿನೂ ಇರಲಿ. ಊಟಕ್ಕೆ "ವೊ ಚ್ಹರ್ ಸು" ಅಂದರೆ ನಾನು ಶಾಕಾಹಾರಿ ಅಂತ, ಅದನ್ನ ಚೀನಿ ಅಕ್ಷರದಲ್ಲಿ ಬರೆಸಿ ಮೊಬೈಲ್‌ನಲ್ಲಿ ಫೋಟೋ ಮಾಡಿಕೋ. ಬಾಯಲ್ಲಿ ಹೇಳಿದರೆ ನನ್ನ ಉಚ್ಚಾರ ಕೇಳಿ ನಗ್ತಿದ್ದರು.

ದಾಜಿಬಾನಪೇಟೆ_ಅಂಗಡಿ
ಮೇ 1ರ ರಜೆ ಶುರುವಾಗೋಕೆ ಮುಂಚೆ ಗ್ವಾಂಗ್‌ಝೌ ಮುಟ್ಟಿಬಿಡಿ. ಆಗ ಟಿಕೆಟ್ ಸಿಗಲ್ಲ. ಮತ್ತೆ ವಾಟ್ಸಾಪ್, ಗೂಗಲ್ ಮ್ಯಾಪ್ ಅಲ್ಲಿ ನಡೆಯಲ್ಲ. ನಮ್ಮ ಸಿಮ್‌ನ ರೋಮಿಂಗ್‌ನಲ್ಲಿ ಹೋದರೆ ನಡೆಯುತ್ತೆ, ಹೊರಡೋ ಮುಂಚೆ ಹಾಕಿಸಿಕೊಳ್ಳಿ. ಅಲ್ಲಿ ದುಡ್ಡು ಕೊಡೋಕೆ ಬಳಸೋ ಅಲಿಪೇ ಆಪ್‌ಗೆ ವೀಸಾ ಕಾರ್ಡ್ ಇಲ್ಲೇ ಜೋಡಿಸಿಕೊಂಡು ಹೋಗಿ, ಬ್ಯಾಂಕಿನ ಒಟಿಪಿ ಅಲ್ಲಿ ಬರುತ್ತೋ ಇಲ್ವೋ.