48ನೇ ವಯಸ್ಸಲ್ಲಿ ಎಲ್ಲಾ ಮಾರಿ ಹೊರದೇಶಕ್ಕೆ ಪಾಠ ಮಾಡೋಕೆ ಹೋಗೋದು, ಯಾರಾದ್ರೂ ಹೋಗಿದೀರಾ?

ಅರ್ಧದಾರಿ:
ನಮಸ್ಕಾರ ಎಲ್ರಿಗೂ. ನಂಗೆ 48. ಕೆಲಸಕ್ಕೆ ಸೇರಿದಾಗಿಂದ ಅಕೌಂಟ್ಸ್ ಬಿಟ್ಟು ಬೇರೆ ಏನೂ ಮಾಡಿಲ್ಲ, ಬಿಕಾಂ ಮತ್ತೆ ಎಂಕಾಂ ಆಗಿದೆ. ಡಿವೋರ್ಸ್ ಆಗಿ ಬಹಳ ಕಾಲ ಆಯ್ತು, ಮಗಳು ಓದು ಮುಗಿಸಿ ಕೆಲಸಕ್ಕೆ ಸೇರ್ಕೊಂಡಿದಾಳೆ, ಸಾಲ ಯಾವ್ದೂ ಇಲ್ಲ. ವಾರದಲ್ಲಿ ಎರಡು ಸಂಜೆ ವಾಲಂಟಿಯರ್ ಆಗಿ ದೊಡ್ಡೋರಿಗೆ ಇಂಗ್ಲಿಷ್ ಹೇಳ್ಕೊಡ್ತೀನಿ, ಆ ಹೊತ್ತಲ್ಲಿ ಮಾತ್ರ ನಾನು ಟೈಮ್ ನೋಡಲ್ಲ, ಆಫೀಸಲ್ಲಿ ಹತ್ತು ಗಂಟೆಗೇ ಮಧ್ಯಾಹ್ನ ಯಾವಾಗ ಆಗುತ್ತೋ ಅಂತ ಕಾಯ್ತಿರ್ತೀನಿ.

ಹಾಗಾಗಿ ಮನೆ, ಕಾರು, ಸಾಮಾನು ಎಲ್ಲಾ ಮಾರಿಬಿಟ್ಟು ಏಷ್ಯಾದಲ್ಲಿ ಎಲ್ಲಾದ್ರೂ ಇಂಗ್ಲಿಷ್ ಟೀಚರ್ ಆಗಿ ಹೊಸದಾಗಿ ಶುರು ಮಾಡೋಣ ಅಂತ ಯೋಚನೆ. ಮನೆ ತಗೊಳ್ಳೋಕೆ ಒಬ್ರು ರೆಡಿ ಇದಾರೆ, ತಿಂಗಳೊಳಗೆ ಉತ್ತರ ಕೊಡಿ ಅಂತಿದಾರೆ. ಅಣ್ಣ ಅಂತೂ "ನಿನಗೆ ತಲೆ ಕೆಟ್ಟಿದೆ" ಅಂದು ಫೋನ್ ಇಟ್ಟ. ವಯಸ್ಸು ಅಡ್ಡ ಬರುತ್ತಾ? ಇಂಗ್ಲಿಷ್ ಕಲಿಸೋದಕ್ಕೆ ತಯಾರಿ ಕೊಡೋ ಟೆಫ್ಲ್ ಕೋರ್ಸ್ ಯಾವ್ದು ಮಾಡೋದು? ಬಿಡಿಸಿ ಹೇಳಿ ಪ್ಲೀಸ್.

ಸೀಮೆಸುಣ್ಣ:
ಮನೆ ವಿಷಯ ಆಮೇಲೆ. ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದು ಹೇಳಿ. ಯಾಕಂದ್ರೆ ಈ ಫೀಲ್ಡಲ್ಲಿ ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಅನ್ನೋದಕ್ಕಿಂತ ಮುಂಚೆ ಅದನ್ನೇ ನೋಡ್ತಾರೆ, ಅನ್ಯಾಯ ಅನ್ಸುತ್ತೆ, ಅನ್ಯಾಯಾನೇ, ಆದ್ರೆ ಇರೋದು ಹಾಗೆ. ದಕ್ಷಿಣ ಕೊರಿಯಾದ ಇ-2 ವೀಸಾ ಇದ್ಯಲ್ಲ, ಇಂಗ್ಲಿಷ್ ಕಲಿಸೋಕೆ ಅದು ಮುಖ್ಯವಾಗಿ ಸಿಗೋದು ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶದೋರಿಗೆ. ಚೀನಾದಲ್ಲೂ ಹೆಚ್ಚುಕಮ್ಮಿ ಅದೇ ಕಥೆ, ಜೊತೆಗೆ ಡಿಗ್ರಿ ಬೇಕು, ಮತ್ತೆ ಎರಡು ವರ್ಷದ ಅನುಭವ ಇಲ್ಲಾ 120 ಗಂಟೆಯ ಟೆಫ್ಲ್ ಸರ್ಟಿಫಿಕೇಟ್ ಕೇಳ್ತಾರೆ. ವಯಸ್ಸಿನ ಪ್ರಶ್ನೆ ಕೇಳಿದ್ರಿ, 48 ಈಗ ತೊಂದರೆ ಅಲ್ಲ, ಆದ್ರೆ ಚೀನಾದಂಥ ಕಡೆ 60 ಹತ್ರ ಬಂದಂಗೆ ವರ್ಕ್ ಪರ್ಮಿಟ್ ಬಿಗಿ ಆಗುತ್ತೆ. ಅಂದ್ರೆ ನಿಮ್ಮ ಕೈಯಲ್ಲಿರೋದು ಹತ್ತು ಹನ್ನೆರಡು ವರ್ಷ, ಪ್ಲಾನ್ ಅಷ್ಟಕ್ಕೆ ಮಾಡಿ.

ಇನ್ನೊಂದು, ನೀವು ಇಷ್ಟು ವರ್ಷ ಅಕೌಂಟ್ಸ್ ಮಾಡಿ ಈಗ ಯಾಕೆ ಇಂಗ್ಲಿಷ್ ಟೀಚರ್ ಆಗ್ಬೇಕು? ಅದೇ ನಂಗೆ ಅರ್ಥ ಆಗ್ತಿಲ್ಲ. ಇಂಟರ್‌ನ್ಯಾಷನಲ್ ಸ್ಕೂಲ್‌ಗಳಲ್ಲಿ ಕೇಂಬ್ರಿಡ್ಜ್ ಐಜಿಸಿಎಸ್‌ಇ ಅಕೌಂಟಿಂಗ್ ಇದೆ (ನಮ್ಮ ಹತ್ತನೇ ಕ್ಲಾಸ್ ಮಟ್ಟ), ಎ ಲೆವೆಲ್ ಬಿಸಿನೆಸ್ ಇದೆ (ಪಿಯುಸಿ ಮಟ್ಟ), ಪಿಯುಸಿ ಮಟ್ಟದ್ದೇ ಇನ್ನೊಂದು ಕೋರ್ಸ್ ಐಬಿ ಡಿಪ್ಲೊಮಾದಲ್ಲಿ ಬಿಸಿನೆಸ್ ಮ್ಯಾನೇಜ್‌ಮೆಂಟ್ ಇದೆ. ಅಲ್ಲಿ ಹುಟ್ಟುಭಾಷೆ ಇಂಗ್ಲಿಷಾ ಅನ್ನೋ ಪ್ರಶ್ನೆ ಅಷ್ಟಾಗಿ ಬರಲ್ಲ, ಸಬ್ಜೆಕ್ಟ್ ಗೊತ್ತಾ, ಟೀಚಿಂಗ್ ಅರ್ಹತೆ ಇದ್ಯಾ ಅಂತ ಕೇಳ್ತಾರೆ. ಕ್ಯಾಶ್ ಫ್ಲೋ ಅಂದ್ರೆ ಏನು ಅಂತ ನಿಜವಾದ ಲೆಡ್ಜರ್ ನೋಡಿದೋರು ಹೇಳೋದಕ್ಕೂ ಪುಸ್ತಕ ನೋಡಿ ಹೇಳೋದಕ್ಕೂ ಮಕ್ಕಳಿಗೆ ಐದು ನಿಮಿಷದಲ್ಲಿ ವ್ಯತ್ಯಾಸ ಗೊತ್ತಾಗುತ್ತೆ.

ಎರಡುಪೆಟ್ಟಿಗೆ:
ನಾನು ಹೋಗಿದೀನಿ, ಇನ್ನೂ ಅಲ್ಲೇ ಇದೀನಿ, ಥಾಯ್ಲೆಂಡಲ್ಲಿ. ಹೊರಟಾಗ ನಂಗೂ ಐವತ್ತರ ಹತ್ರ. ಹೌದು ಮನೆ ಸಮೇತ ಮಾರಿದೆ, ಪಶ್ಚಾತ್ತಾಪ ಇಲ್ಲ, ಆದ್ರೆ ನನ್ನ ಮನೆ ಹಳೇದು, ಬಾಡಿಗೆಗಿಂತ ರಿಪೇರಿ ಖರ್ಚೇ ಜಾಸ್ತಿ ಇತ್ತು, ಬಂದ ದುಡ್ಡನ್ನ ಮುಟ್ಟದೇ ಇಟ್ಟಿದೀನಿ. ನೀವು ಆ ದುಡ್ಡಲ್ಲೇ ಬದುಕೋ ಪ್ಲಾನ್ ಇದ್ರೆ ಬೇಡ.

ಸಾಮಾನು ಮಾರೋದು ಅಂದ್ಕೊಂಡಷ್ಟು ಕಷ್ಟ ಅಲ್ಲ, ಅಂದ್ಕೊಂಡಷ್ಟು ದುಡ್ಡೂ ಬರಲ್ಲ. ಊಟದ ಟೇಬಲ್ ತಗೊಂಡೋರು ಕುರ್ಚಿ ಬಿಟ್ಟು ಹೋದ್ರು, ಒಂದು ವಾರ ಮನೇಲಿ ಆರು ಕುರ್ಚಿ ಗೋಡೆಗೆ ಸಾಲಾಗಿ ನಿಂತಿದ್ವು, ಟೇಬಲ್ ಇಲ್ಲ, ಬಂದೋರೆಲ್ಲ ಏನು ಮೀಟಿಂಗಾ ಅಂತ ಕೇಳೋರು. ಫೋಟೋ ಆಲ್ಬಮ್ ಮಾತ್ರ ಎಸೆಯೋಕೂ ಆಗಲ್ಲ ಹೊತ್ಕೊಂಡು ಹೋಗೋಕೂ ಆಗಲ್ಲ, ನಂದು ತಂಗಿ ಮನೆ ಅಟ್ಟದಲ್ಲಿದೆ.

ನಿಜವಾಗ್ಲೂ ಸುಸ್ತು ಮಾಡೋದು ಕಾಗದಪತ್ರ. ಡಿಗ್ರಿ, ಪೊಲೀಸ್ ಕ್ಲಿಯರೆನ್ಸ್ ಇವನ್ನ ದೃಢೀಕರಿಸಬೇಕು. 1961ರ ಹೇಗ್ ಒಪ್ಪಂದದಲ್ಲಿರೋ ದೇಶ ಆದ್ರೆ ಅಪೊಸ್ಟೀಲ್ ಒಂದು ಸ್ಟ್ಯಾಂಪ್ ಸಾಕು, ಚೀನಾದಲ್ಲೂ 2023ರ ನವೆಂಬರಿಂದ ಬಹಳ ದೇಶಗಳ ಕಾಗದಕ್ಕೆ ಅದು ನಡೀತಿದೆ, ಇಲ್ಲದಿದ್ರೆ ಎಂಬೆಸಿಗೆ ಅಲೀಬೇಕು. ಡಿಗ್ರೀಲಿ ಇನಿಶಿಯಲ್ ಇದ್ದು ಪಾಸ್‌ಪೋರ್ಟಲ್ಲಿ ಪೂರ್ತಿ ಹೆಸರಿದ್ರೆ ಈಗ್ಲೇ ಸರಿ ಮಾಡಿಸ್ಕೊಳ್ಳಿ, ವೀಸಾ ಟೇಬಲ್ ಮುಂದೆ ಕೂತಾಗ ಅವೆರಡೂ ನಾನೇ ಅಂತ ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ. ಪೊಲೀಸ್ ಕ್ಲಿಯರೆನ್ಸ್ ಮಾತ್ರ ತುಂಬಾ ಮುಂಚೆ ಮಾಡಿಸ್ಬೇಡಿ, ಹಳೇದಾದ್ರೆ ತಗೊಳ್ಳಲ್ಲ. ಥಾಯ್ಲೆಂಡಲ್ಲಿ ವೀಸಾ ಒಂದೇ ಸಾಲದು, ವರ್ಕ್ ಪರ್ಮಿಟ್ ಬೇರೆ, ಸ್ಕೂಲಲ್ಲಿ ಕಲಿಸೋದಾದ್ರೆ ಅಲ್ಲಿನ ಟೀಚರ್ಸ್ ಕೌನ್ಸಿಲ್‌ದು ಲೈಸೆನ್ಸ್ ಇಲ್ಲಾ ತಾತ್ಕಾಲಿಕ ವಿನಾಯಿತಿ ಪತ್ರ ಬೇರೆ.

ಲೆಕ್ಕಪಕ್ಕ:
ಎಲ್ಲಾ ಸರಿ, ನಾನು ಸ್ವಲ್ಪ ತಣ್ಣೀರು ಹಾಕ್ತೀನಿ ಕ್ಷಮಿಸಿ. 28ರಲ್ಲಿ ಹೋಗೋರಿಗೂ 48ರಲ್ಲಿ ಹೋಗೋರಿಗೂ ಒಂದೇ ವ್ಯತ್ಯಾಸ, ಎಡವಿದ್ರೆ ಮತ್ತೆ ಸಂಪಾದಿಸೋಕೆ 28ರೋರಿಗೆ ಟೈಮ್ ಇದೆ. ಈ ಕಾಂಟ್ರಾಕ್ಟ್ ಎಲ್ಲಾ ಒಂದು ವರ್ಷದ್ದು, ಹೆಚ್ಚಂದ್ರೆ ಎರಡು. ಪೆನ್ಷನ್ ಕಟ್ಟೋರು ಯಾರು? ಬಿಪಿ ಶುಗರ್ ಇದ್ರೆ ಸ್ಕೂಲ್ ಕೊಡೋ ಇನ್ಶೂರೆನ್ಸ್ ಮೊದಲಿಂದ ಇರೋ ಕಾಯಿಲೆಗೆ ಕೊಡುತ್ತಾ ಅಂತ ಪಾಲಿಸಿ ತರಿಸ್ಕೊಂಡು ಓದಿ, ಎಚ್‌ಆರ್ ಬಾಯಿಮಾತು ನಂಬ್ಬೇಡಿ.

ಮನೆ ಬಾಡಿಗೆಗೆ ಕೊಟ್ಟು ಹೋಗಿ, ಮಾರೋದೇನು ಎರಡನೇ ವರ್ಷಾನೂ ಮಾರಬಹುದು. ತಿಂಗಳೊಳಗೆ ಉತ್ತರ ಬೇಕು ಅನ್ನೋದು ತಗೊಳ್ಳೋರ ಅವಸರ, ನಿಮ್ದಲ್ಲ. ಮಾರಿದ ಮೇಲೆ ವಾಪಸ್ ಬಂದ್ರೆ ಅದೇ ದುಡ್ಡಿಗೆ ಅದೇ ಏರಿಯಾದಲ್ಲಿ ಸಿಗಲ್ಲ ಅಂತ ನಿಮಗೆ ನಾನು ಹೇಳ್ಬೇಕಾ, ಅಕೌಂಟ್ಸ್‌ನೋರು ನೀವು.

ಎರಡುಪೆಟ್ಟಿಗೆ:
@ಲೆಕ್ಕಪಕ್ಕ ಬಾಡಿಗೆಮನೆ ದೂರದಿಂದ ನೋಡ್ಕೊಳ್ಳೋದು ಹೇಳಿದಷ್ಟು ಸುಲಭ ಅಲ್ಲ ಸಾರ್, ರಾತ್ರಿ ಪೈಪ್ ಒಡೆದು ನೀರು ಹರಿದ್ರೆ ಅದಕ್ಕೂ ಯಾರಾದ್ರೂ ಬೇಕಲ್ಲ. ಆದ್ರೂ ಇವರ ವಿಷಯದಲ್ಲಿ ನೀವು ಹೇಳಿದ್ದೇ ಸರಿ, ಮಗಳೋ ಅಣ್ಣಾನೋ ನೋಡ್ಕೊಂಡ್ರೆ ಮುಗೀತು. ಫೋನ್ ಇಟ್ಟ ಅಣ್ಣಂಗೆ ಮತ್ತೆ ಫೋನ್ ಮಾಡೋಕೂ ಒಂದು ನೆಪ ಆಗುತ್ತೆ 😄

ಅರ್ಧದಾರಿ:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ. ಪಾಸ್‌ಪೋರ್ಟ್ ಇಂಡಿಯಾದ್ದೇ, ಬಿಎಡ್ ಇಲ್ಲ. ಅಕೌಂಟಿಂಗ್ ಕಲಿಸೋದು ನಂಗೆ ಹೊಳೆದೇ ಇರ್ಲಿಲ್ಲ, ಸ್ವಲ್ಪ ಬೇಜಾರೂ ಆಯ್ತು ಯಾಕಂದ್ರೆ ಅದ್ರಿಂದಾನೇ ಓಡಿಹೋಗೋಣ ಅಂತಿದ್ದೆ. ಒಬ್ಬ ಏಜೆಂಟ್ ಮೆಸೇಜ್ ಮಾಡಿದಾನೆ, ಟೂರಿಸ್ಟ್ ವೀಸಾದಲ್ಲಿ ಬನ್ನಿ, ಬಂದ ಮೇಲೆ ಚೇಂಜ್ ಮಾಡಿಸ್ಕೊಡ್ತೀವಿ ಅಂತಾನೆ, ಪ್ರೊಸೆಸಿಂಗ್ ಫೀಸ್ ಮೊದಲೇ ಕಟ್ಬೇಕಂತೆ. ಮತ್ತೆ ಸೆಲ್ಟಾ ಅಂತ ಕೇಂಬ್ರಿಡ್ಜಿನ ಇಂಗ್ಲಿಷ್ ಟೀಚಿಂಗ್ ಕೋರ್ಸ್ ಇದ್ಯಲ್ಲ, ಅದು ದುಡ್ಡಿಗೆ ತಕ್ಕ ಬೆಲೆ ಕೊಡುತ್ತಾ?

ಸೀಮೆಸುಣ್ಣ:
ಆ ಏಜೆಂಟನ್ನ ಬ್ಲಾಕ್ ಮಾಡಿ, ಇವತ್ತೇ. ಸರಿಯಾದ ರಿಕ್ರೂಟರ್‌ಗೆ ದುಡ್ಡು ಕೊಡೋದು ಸ್ಕೂಲು, ಟೀಚರ್ ಅಲ್ಲ. ಟೂರಿಸ್ಟ್ ವೀಸಾದಲ್ಲಿ ಪಾಠ ಮಾಡೋವಾಗ ಸಿಕ್ಕಿಬಿದ್ರೆ ಫೈನು, ಡಿಪೋರ್ಟು ನಿಮಗೆ, ಅವನಿಗೇನೂ ಆಗಲ್ಲ. ಹೋದ ಮೇಲೆ ಪಾಸ್‌ಪೋರ್ಟ್ ನಮ್ಮ ಹತ್ರ ಇರ್ಲಿ ಅನ್ನೋ ಸ್ಕೂಲಿಗೂ ಅದೇ ಉತ್ತರ.

ಇಂಡಿಯಾ ಪಾಸ್‌ಪೋರ್ಟ್, ಬಿಎಡ್ ಇಲ್ಲ ಅಂದ್ರೆ ಬರೀ ಇಂಗ್ಲಿಷ್ ನಂಬ್ಕೊಂಡು ಹೋದ್ರೆ ಸಂಬಳದಲ್ಲಿ ಏಟು ತಿಂತೀರಿ, ಒಂದೇ ಸ್ಟಾಫ್‌ರೂಮಲ್ಲಿ ಪಕ್ಕದ ಕುರ್ಚಿಯೋರಿಗಿಂತ ಕಮ್ಮಿ ಸಂಬಳಕ್ಕೆ ಕೂತಿರೋರನ್ನ ನಾನೇ ನೋಡಿದೀನಿ. ಹಾಗಾಗಿ ಕೆಲಸ ಬಿಡದೇ ಟೀಚಿಂಗ್ ಅರ್ಹತೆಯ ದಾರಿ ನೋಡಿ. ಪಿಜಿಸಿಇ ಇಂಟರ್‌ನ್ಯಾಷನಲ್ ಅಂತ ಟೀಚಿಂಗ್ ಕೋರ್ಸ್ ಒಂದನ್ನ ದೂರಶಿಕ್ಷಣದಲ್ಲಿ ಬ್ರಿಟಿಷ್ ಯೂನಿವರ್ಸಿಟಿಗಳು ಕೊಡ್ತಾವೆ, ಇಂಟರ್‌ನ್ಯಾಷನಲ್ ಸ್ಕೂಲ್‌ಗಳಲ್ಲಿ ಬೆಲೆ ಇದೆ, ಆದ್ರೆ ಅದರ ಜೊತೆ ಇಂಗ್ಲೆಂಡಿನ ಕ್ಯೂಟಿಎಸ್, ಅಂದ್ರೆ ಅಲ್ಲಿನ ಅಧಿಕೃತ ಟೀಚರ್ ಮಾನ್ಯತೆ, ಬರಲ್ಲ, ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ಸುಳ್ಳು. ಇಂಗ್ಲೆಂಡು 2023ರಿಂದ ಇಂಡಿಯಾದಲ್ಲಿ ತರಬೇತಿ ಆದ ಟೀಚರ್‌ಗಳಿಗೂ ಕ್ಯೂಟಿಎಸ್ ಅರ್ಜಿ ತೆರೆದಿದೆ, ಆದ್ರೆ ಗಣಿತ, ವಿಜ್ಞಾನ, ಭಾಷೆಗಳಿಗೆ, ಅಕೌಂಟ್ಸ್ ಅದರಲ್ಲಿಲ್ಲ. ಅಮೆರಿಕದ ಜೆ-1 ಟೀಚರ್ ವೀಸಾಗೆ ಕನಿಷ್ಠ ಎರಡು ವರ್ಷದ ಪೂರ್ಣಾವಧಿ ಟೀಚಿಂಗ್ ಅನುಭವ ಬೇಕು, ನಿಮ್ಮ ವಾಲಂಟಿಯರ್ ಸಂಜೆಗಳು ಲೆಕ್ಕಕ್ಕೆ ಬರಲ್ಲ. ಆಗಸ್ಟಲ್ಲಿ ಶುರುವಾಗೋ ಸ್ಕೂಲ್‌ಗಳು ಹಿಂದಿನ ವರ್ಷದ ಅಕ್ಟೋಬರ್ ನವೆಂಬರಿಂದಾನೇ ಹುಡುಕ್ತಾವೆ, ಮೇ ತಿಂಗಳಲ್ಲಿ ಅರ್ಜಿ ಹಾಕೋದಾದ್ರೆ ಉಳಿದಿರೋದು ಯಾರೋ ಬಿಟ್ಟುಹೋದ ಪೋಸ್ಟ್.

ಸೆಲ್ಟಾ: ಫುಲ್‌ಟೈಮ್ ಆದ್ರೆ ನಾಲ್ಕು ವಾರದ ಹತ್ರ, ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡ್ಬೇಕು, ಟ್ಯೂಟರ್ ಹಿಂದೆ ಕೂತು ಬರ್ಕೊಳ್ತಿರ್ತಾರೆ. ನಲವತ್ತು ದಾಟಿದೋರಿಗೆ ಕಷ್ಟ ಆಗೋದು ಗ್ರಾಮರ್ ಅಲ್ಲ, ಬಾಯಿ ಮುಚ್ಕೊಂಡಿರೋದು. ಆಫೀಸಲ್ಲಿ ವಿವರಿಸಿ ವಿವರಿಸಿ ಅಭ್ಯಾಸ ಆಗಿರುತ್ತೆ, ಅಲ್ಲಿ ನೀವು ಎಷ್ಟು ಕಮ್ಮಿ ಮಾತಾಡಿ ಅವರಿಂದ ಎಷ್ಟು ಮಾತಾಡಿಸಿದ್ರಿ ಅಂತ ನೋಡ್ತಾರೆ. ಆನ್‌ಲೈನಲ್ಲಿ ವಾರಾಂತ್ಯಕ್ಕೆ ಸಿಗೋ ಸೋವಿ 120 ಗಂಟೆ ಸರ್ಟಿಫಿಕೇಟಲ್ಲಿ ಇದು ಇರಲ್ಲ. ನೀವು ಅಕೌಂಟ್ಸ್ ಕಲಿಸೋದೇ ಆದ್ರೆ ಸೆಲ್ಟಾ ಕಡ್ಡಾಯ ಅಲ್ಲ, ಆದ್ರೂ ಪಾರ್ಟ್‌ಟೈಮ್ ಬ್ಯಾಚ್ ಇದ್ರೆ ಮಾಡಿ, ಒಬ್ಬರು ಹಿಂದೆ ಕೂತು ನೋಡ್ತಿರೋವಾಗ್ಲೂ ಟೈಮ್ ನೋಡಬೇಕು ಅನ್ಸಲ್ವಾ ಅಂತ ಕೆಲಸ ಬಿಡೋ ಮುಂಚೆ ಗೊತ್ತಾಗುತ್ತೆ.

ಲೆಕ್ಕಪಕ್ಕ:
ಮನೆ ತಗೊಳ್ಳೋರಿಗೆ ಏನು ಹೇಳಿದ್ರಿ ಅಂತ ತಿಳಿಸಿ. ಬಾಡಿಗೆ ಕರಾರು ಮಾಡ್ಕೊಳ್ಳೋದಾದ್ರೆ ನೀವು ದೇಶದಲ್ಲಿ ಇಲ್ಲದಾಗ ಸಹಿ ಮಾಡೋಕೆ ಪವರ್ ಆಫ್ ಅಟಾರ್ನಿ ಯಾರ ಹೆಸರಿಗೆ ಅಂತ ಈಗ್ಲೇ ಯೋಚಿಸಿ, ಮನೆ ಮಾರೋ ಅಧಿಕಾರ ಅದರಲ್ಲಿ ಸೇರಿಸ್ಬೇಡಿ, ಬಾಡಿಗೆ ಮತ್ತೆ ರಿಪೇರಿಗೆ ಮಾತ್ರ ಅಂತ ಬರೆಸಿ.