ಚುಚ್ಚಿ ನೋಡುವ ತಾಪಮಾಪಕ, ‘ಒಳಗಾವು’, ‘ಬೆಂದಿದೆ’: ಮಾಂಸದಡುಗೆಯ ಕೆಲವು ಪದಗಳ ಬಗ್ಗೆ

ಬಳಗದ ಹಿರಿಯರಿಗೆ ಮತ್ತು ಗೆಳೆಯರಿಗೆ ನಮಸ್ಕಾರ.

ಮಾಂಸದ ತುಂಡಿನ ನಡುವಿಗೆ ಚುಚ್ಚಿದರೆ ಒಳಗೆ ಎಷ್ಟು ಬಿಸಿಯಿದೆ ಎಂಬುದನ್ನು ಅಂಕಿಯಲ್ಲಿ ತೋರಿಸುವ ಡಿಜಿಟಲ್ ಥರ್ಮಾಮೀಟರನ್ನು ಮನೆಯಡುಗೆಯಲ್ಲಿ ಬಳಸುವ ಬಗೆ ಹೇಗೆಂದು ತಿಳಿಸುವ ಒಂದು ಪುಟ್ಟ ಕೈಪಿಡಿಯನ್ನು ಬರೆಯುತ್ತಿದ್ದೇನೆ. ಓದುವವರು ಮೈಸೂರು, ಮಂಡ್ಯ ಕಡೆಯ ಮನೆಗಳವರು. ತಲೆಮಾರುಗಳಿಂದ ಬಾಡು ಬೇಯಿಸಿ ಪಳಗಿದ ಕೈಗಳಿಗೆ ಅಡುಗೆ ಕಲಿಸುವ ಉದ್ದೇಶ ನನಗಿಲ್ಲ. ಸಾರು, ಗೊಜ್ಜುಗಳಿಂದಾಚೆಗೆ ಓವನ್ನಿನಲ್ಲಿ ಇಡೀ ಕೋಳಿಯನ್ನು ಸುಡುವವರು, ಮಹಡಿಯ ಮೇಲೆ ಕೆಂಡದ ಒಲೆಯಿಟ್ಟುಕೊಂಡು ಕಬಾಬು ಮಾಡುವವರು ಈಚೆಗೆ ಹೆಚ್ಚುತ್ತಿರುವುದರಿಂದ, ಆ ಬಗೆಯ ಅಡುಗೆಗೆ ಬೇಕಾದ ಮಾತುಗಳು ಕನ್ನಡದಲ್ಲಿ ಸ್ಪಷ್ಟವಾಗಿರಲಿ ಎಂಬ ಆಸೆಯಷ್ಟೆ. ಬರೆಯಲು ಕುಳಿತಾಗ ಉಪಕರಣದ ಹೆಸರು ಕೊಟ್ಟ ತೊಡಕಿಗಿಂತ ‘ಬೆಂದಿದೆ’ ಎಂಬ ಒಂದು ಕ್ರಿಯಾಪದ ಕೊಟ್ಟ ತೊಡಕು ದೊಡ್ಡದಾಯಿತು. ಆದ್ದರಿಂದ ಈ ಪತ್ರ.

ಮೊದಲು ಹೆಸರಿನ ಮಾತನ್ನು ಮುಗಿಸಿಬಿಡುತ್ತೇನೆ. ‘ತಾಪಮಾಪಕ’ ಮತ್ತು ‘ಉಷ್ಣತಾಮಾಪಕ’ ಪಠ್ಯಪುಸ್ತಕಗಳಿಂದ ಪರಿಚಿತವಾದ ಪದಗಳು. ‘ಮಳೆಮಾಪಕ’ದ ಜೊತೆಗೆ ಹೊಂದಿಕೊಳ್ಳುವುದರಿಂದ ಮೊದಲನೆಯದನ್ನೇ ಇಟ್ಟುಕೊಂಡಿದ್ದೇನೆ. ಪ್ರೋಬ್ ಎಂಬ ಭಾಗಕ್ಕೆ ‘ಶೋಧಕ’ ಎಂದರೆ ಬಾಹ್ಯಾಕಾಶದ ನೌಕೆ ನೆನಪಾಗುತ್ತದೆ. ‘ಸಲಾಕೆ’ ಎಂದರೆ ಬೆರಳುಗಾತ್ರದ ಕಬ್ಬಿಣದ ಸರಳು ಕಣ್ಣಿಗೆ ಕಟ್ಟುತ್ತದೆ. ಕೇಕು ಬೆಂದಿದೆಯೇ ಎಂದು ತಿಳಿಯಲು ನಾವು ‘ಕಡ್ಡಿ ಚುಚ್ಚಿ ನೋಡು’ ಎಂದೇ ಹೇಳುವುದರಿಂದ ‘ಚುಚ್ಚುಗಡ್ಡಿ’ ಎಂದು ಬರೆದಿದ್ದೇನೆ. ‘ಚುಚ್ಚುಮದ್ದು’ ನೆಲೆಯೂರಿರುವ ಭಾಷೆಯಲ್ಲಿ ‘ಚುಚ್ಚುಗಡ್ಡಿ’ಗೆ ಜಾಗ ಸಿಗುವುದು ಕಷ್ಟವಲ್ಲ. ಅಂಗಡಿಯಲ್ಲಿ ಹೇಗಿದ್ದರೂ ಎಲ್ಲರೂ ‘ಥರ್ಮಾಮೀಟರ್’ ಎಂದೇ ಕೇಳುತ್ತಾರೆ, ಆ ಪದವನ್ನು ಓಡಿಸುವ ಹಟ ನನಗಿಲ್ಲ.

ಎರಡನೆಯದು, ಅಳೆಯಲ್ಪಡುವ ವಸ್ತುವಿನ ಹೆಸರು. ಪತ್ರಿಕೆಗಳು ಹವಾಮಾನಕ್ಕೆ ‘ಉಷ್ಣಾಂಶ’, ‘ತಾಪಮಾನ’ ಎರಡನ್ನೂ ಬಳಸುತ್ತವೆ. ಅಚ್ಚಗನ್ನಡದ ಒಲವುಳ್ಳವರು ‘ಕಾವಳತೆ’ ಎಂದೂ ಬರೆಯುವುದುಂಟು. ಅಡುಗೆಮನೆಗೆ ಬಂದೊಡನೆ ‘ಉಷ್ಣ’ ಎಂಬ ಪದದ ಅರ್ಥವೇ ಬೇರೆಯಾಗುತ್ತದೆ. ಕೋಳಿ ಉಷ್ಣ, ಮಜ್ಜಿಗೆ ತಂಪು ಎಂಬ ಮಾತು ಒಲೆಯ ಬಿಸಿಗೆ ಸಂಬಂಧಿಸಿದ್ದಲ್ಲ, ಅದು ತಿಂದವರ ಮೈಗೆ ಸಂಬಂಧಿಸಿದ್ದು. ‘ಕೋಳಿಯ ಉಷ್ಣ 74ಕ್ಕೆ ಬರಬೇಕು’ ಎಂದು ಬರೆದರೆ, ಬೇಸಗೆಯಲ್ಲಿ ಕೋಳಿ ತಿನ್ನಲು ಹಿಂಜರಿಯುವ ಓದುಗರು ಅಲ್ಲಿಗೇ ಪುಸ್ತಕ ಮುಚ್ಚಿದರೆ ಅವರದು ತಪ್ಪಲ್ಲ. ‘ಕಾವು’ ಹಾಗಲ್ಲ. ಒಲೆ ಆರಿಸಿದ ಮೇಲೆ ‘ಬಿಡು, ಇರುವ ಕಾವಿಗೇ ಬೇಯುತ್ತದೆ’ ಎನ್ನುವುದು ನಮ್ಮ ಕಡೆ ದಿನನಿತ್ಯದ ಮಾತು. ಪಾತ್ರೆಯಲ್ಲಿ, ತುಂಡಿನಲ್ಲಿ ಉಳಿದಿರುವ ಬಿಸಿಗೆ ಅದು ನೇರವಾಗಿ ಸಲ್ಲುತ್ತದೆ. ಆದ್ದರಿಂದ ತುಂಡಿನ ನಡುಭಾಗದ ಬಿಸಿಗೆ ‘ಒಳಗಾವು’ ಎಂದು ಬರೆದಿದ್ದೇನೆ. ಮಳೆ, ಕಾಲ ಕೂಡಿ ‘ಮಳೆಗಾಲ’ವಾದ ರೀತಿಯ ಸಂಧಿ ಇದು. ಒಂದೇ ಎಚ್ಚರ ಬೇಕು: ‘ಕೋಳಿಯ ಕಾವು’ ಎಂದು ಎಲ್ಲೂ ಬರೆಯಬಾರದು, ಏಕೆಂದರೆ ಕಾವಿಗೆ ಕೂತ ಕೋಳಿಯನ್ನು ಯಾರೂ ಒಲೆಗೆ ಏರಿಸುವುದಿಲ್ಲ.

ಇನ್ನು ನನ್ನ ಮುಖ್ಯ ಪ್ರಶ್ನೆ. ಅಮೆರಿಕದ ಕೃಷಿ ಇಲಾಖೆಯು ಮನೆಯಡುಗೆಗೆಂದು ಪ್ರಕಟಿಸಿರುವ, ಬಹುತೇಕ ಈ ಉಪಕರಣಗಳ ಡಬ್ಬಿಗಳ ಮೇಲೂ ಅಚ್ಚಾಗಿ ಬರುವ ಅಂಕಿಗಳು ಇವು: ಕೋಳಿ ಮುಂತಾದ ಹಕ್ಕಿಗಳ ಮಾಂಸಕ್ಕೆ 74 ಡಿಗ್ರಿ ಸೆಲ್ಸಿಯಸ್, ಕುರಿ, ಹಂದಿ, ದನಗಳ ಕೈಮಾಕ್ಕೆ 71, ಅವೇ ಪ್ರಾಣಿಗಳ ಇಡೀ ತುಂಡಿಗೆ 63 ಮತ್ತು ಅದರ ಮೇಲೆ ಮೂರು ನಿಮಿಷ ಹಾಗೆಯೇ ಬಿಡುವುದು. ಹಂದಿಯ ಇಡೀ ತುಂಡಿನ ಅಂಕಿಯನ್ನು 71ರಿಂದ 63ಕ್ಕೆ ಇಳಿಸಿದ್ದು 2011ರಲ್ಲಿ. ಕೈಮಾಕ್ಕೆ ಹೆಚ್ಚು ಕಾವು ಬೇಕಾಗುವುದೇಕೆಂದರೆ, ಇಡೀ ತುಂಡಿನಲ್ಲಿ ರೋಗಾಣುಗಳು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ, ಕೊಚ್ಚಿದಾಗ ಅವು ಒಳಗೆಲ್ಲ ಬೆರೆತುಹೋಗುತ್ತವೆ. ಈ ಅಂಕಿಗಳು ಹೇಳುವುದು ಒಂದೇ ಸಂಗತಿಯನ್ನು: ರೋಗಾಣುಗಳ ಭಯವಿಲ್ಲದೆ ತಿನ್ನಬಹುದಾದ ಸ್ಥಿತಿಗೆ ಮಾಂಸ ಬಂದಿದೆ.

ಇದನ್ನು ಕನ್ನಡದಲ್ಲಿ ‘74ಕ್ಕೆ ಕೋಳಿ ಬೆಂದಿರುತ್ತದೆ’ ಎಂದು ಬರೆಯಲು ಬರುವುದಿಲ್ಲ ಎಂಬುದೇ ನನ್ನ ತೊಡಕು. ಬೇಯು, ಬೇಗೆ, ಬೇಸಗೆ ಒಂದೇ ಬೇರಿನ ಪದಗಳು, ಮೂಲದಲ್ಲಿ ಇವುಗಳ ಅರ್ಥ ಬಿಸಿಯೇ. ಅಡುಗೆಮನೆಯ ‘ಬೆಂದಿದೆ’ ಮಾತ್ರ ಬಿಸಿಯನ್ನು ದಾಟಿ ಮೆತ್ತಗಾಗುವುದನ್ನು ಸೂಚಿಸುತ್ತದೆ. ಬೇಳೆ ಬೆಂದಿದೆ ಎಂದರೆ ಬೆರಳಲ್ಲಿ ಹಿಸುಕಿದರೆ ನುರಿಯುತ್ತದೆ ಎಂದರ್ಥ. ಬಾಡು ಬೆಂದಿದೆ ಎಂದರೆ ಮೂಳೆಯಿಂದ ಸಲೀಸಾಗಿ ಬಿಡುತ್ತದೆ, ಹಲ್ಲಿಗೆ ಸಿಕ್ಕಿ ಜಗ್ಗುವುದಿಲ್ಲ ಎಂದರ್ಥ. ಮಳವಳ್ಳಿ ಸೀಮೆಯ ನಮ್ಮ ಅತ್ತೆಯವರು ನಾಟಿಕೋಳಿಯ ಸಾರಿನಿಂದ ಒಂದು ತುಂಡನ್ನು ಸೌಟಿನಲ್ಲಿ ಎತ್ತಿಕೊಂಡು, ಮೂಳೆಯ ಪಕ್ಕ ಹೆಬ್ಬೆರಳಿನಿಂದ ಒತ್ತಿ, ‘ಬೆಂದಿಲ್ಲ ಕಣವ್ವ, ಇನ್ನೆರಡು ಕೂಗು ಕೂಗಿಸು’ ಎಂದು ಮತ್ತೆ ಪಾತ್ರೆಗೇ ಹಾಕುತ್ತಾರೆ. ಆಗ ಆ ತುಂಡಿಗೆ ಚುಚ್ಚುಗಡ್ಡಿ ಚುಚ್ಚಿದರೆ 90ಕ್ಕಿಂತ ಮೇಲಿನ ಅಂಕಿಯೇ ಕಾಣುತ್ತದೆ. ಉಪಕರಣದ ಪ್ರಕಾರ ಅದು ಯಾವಾಗಲೋ ತಿನ್ನಲು ತಕ್ಕದ್ದಾಗಿದೆ. ಅತ್ತೆಯವರ ಪ್ರಕಾರ ಬೆಂದಿಲ್ಲ. ಇಬ್ಬರ ಮಾತೂ ಸರಿ.

ಕಾರಣ ಮಾಂಸದ ರಚನೆಯಲ್ಲಿದೆ. ಸ್ನಾಯುಗಳನ್ನು ಕಟ್ಟಿ ಹಿಡಿದಿರುವ ಕೊಲಾಜನ್ ಎಂಬ ನಾರಿನಂಥ ಪದಾರ್ಥವು ಕರಗಿ ಜೆಲಟಿನ್ ಆಗುವುದು ಸುಮಾರು 70 ಡಿಗ್ರಿಯ ಮೇಲೆ, ಅದೂ ಹೊತ್ತು ಹಿಡಿದು, ನಿಧಾನವಾಗಿ. ಪ್ರಾಣಿಗೆ ವಯಸ್ಸಾದಷ್ಟೂ, ಅದು ಓಡಾಡಿ ಬೆಳೆದಷ್ಟೂ ಈ ಕಟ್ಟು ಬಿಗಿಯಾಗಿರುತ್ತದೆ. ಐದಾರು ವಾರಕ್ಕೇ ಕಡಿಯುವ ಫಾರಂ ಕೋಳಿಯಲ್ಲಿ ಈ ಬಿಗಿ ಕಡಿಮೆಯಾದ್ದರಿಂದ, ಅದರ ಎದೆಯ ಮಾಂಸ 74 ಮುಟ್ಟುವ ಹೊತ್ತಿಗೆ ಮೆತ್ತಗೂ ಆಗಿರುತ್ತದೆ, ಮುಂದೆ ಬೇಯಿಸಿದರೆ ರಸವಾರಿ ಹಿಂಡಿದ ಹತ್ತಿಯಾಗುತ್ತದೆ. ಹಿತ್ತಿಲಲ್ಲಿ ಕೆದಕಿ ತಿಂದು ಬಲಿತ ಹುಂಜ 74ರಲ್ಲಿ ಅಗಿಯಲು ಬರುವುದಿಲ್ಲ. ಮೆದು ಮಾಂಸಕ್ಕೆ ಹೆಸರಾದ ನಮ್ಮ ಬಂಡೂರು ಕುರಿಯ ಎಳೆಯ ತೊಡೆಯನ್ನು ಓವನ್ನಿನಲ್ಲಿ ಸುಟ್ಟರೆ ಬಗೆ ಒಂದು, ಅದೇ ಕುರಿಯ ಕಾಲನ್ನು ಸೂಪಿಗೆ ಇಟ್ಟರೆ ಬಗೆ ಇನ್ನೊಂದು. ಹೀಗೆ ಎರಡು ಬೇರೆಬೇರೆ ಸ್ಥಿತಿಗಳಿವೆ. ಅವೆರಡಕ್ಕೂ ನಮ್ಮಲ್ಲಿರುವುದು ‘ಬೆಂದಿದೆ’ ಎಂಬ ಒಂದೇ ಮಾತು. ಇಷ್ಟು ದಿನ ಅದರಿಂದ ತೊಂದರೆಯಾಗಲಿಲ್ಲ, ಏಕೆಂದರೆ ಸಾರಿನಲ್ಲಿ ಮೆತ್ತಗಾಗುವುದು ಕೊನೆಯಲ್ಲಿ ಬರುವ ಹಂತ. ಅಲ್ಲಿಗೆ ತಲುಪಿದ ಮಾಂಸ ಮೊದಲ ಹಂತವನ್ನು ದಾಟಿಯೇ ಬಂದಿರುತ್ತದೆ. ಒತ್ತಡದಿಂದಾಗಿ 120 ಡಿಗ್ರಿಯ ಹತ್ತಿರಕ್ಕೆ ಏರುವ ಕುಕ್ಕರಿನೊಳಗಂತೂ ಅಂಕಿ ನೋಡುವ ಅಗತ್ಯವೇ ಇಲ್ಲ. ಅಲ್ಲಿಗೆ ‘ಕೂಗು’ ಎಂಬ ಅಳತೆಯೇ ಸಾಕು, ಸಾರಿಗೆ ಈ ಉಪಕರಣ ಬೇಡ ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಬರೆದಿದ್ದೇನೆ.

ತೊಂದರೆ ಕಾಣಿಸುವುದು ಒಣ ಬಿಸಿಯ ಅಡುಗೆಯಲ್ಲಿ. ಕೆಂಡದ ಮೇಲಿನ ಕೋಳಿಯ ತೊಡೆಯ ಹೊರಮೈ ಕಪ್ಪಿಟ್ಟು, ಮಸಾಲೆ ಸೀದ ವಾಸನೆ ಬರುತ್ತಿದ್ದರೂ, ಕಡ್ಡಿಯ ತುದಿ ಕೀಲಿನ ಹತ್ತಿರಕ್ಕೆ ಹೋದಾಗ ಪರದೆಯ ಅಂಕಿ 80ರಿಂದ ಸರಸರನೆ ಇಳಿದು 58ರಲ್ಲಿ ನಿಂತುಬಿಡಬಹುದು. ಆ ಕಡಿಮೆ ಅಂಕಿಯೇ ಲೆಕ್ಕಕ್ಕೆ ಬರುವುದು. ಬಿಸಿಯನ್ನು ಗುರುತಿಸುವ ಥರ್ಮಿಸ್ಟರ್ ತುದಿಯಲ್ಲೇ ಇರುವುದರಿಂದ ತುದಿಯು ಅತ್ಯಂತ ದಪ್ಪವಾದ ಕಡೆ, ನಟ್ಟನಡುವೆ, ಮೂಳೆಗೆ ತಾಗದಂತೆ ನಿಲ್ಲಬೇಕು. ಅಂಕಿ ಏರಿಳಿಯುವುದು ನಿಲ್ಲುವವರೆಗೆ ಕೆಲವು ಸೆಕೆಂಡು ಕಾಯಬೇಕು. ಕೈಮಾ ಉಂಡೆಯನ್ನು ತಟ್ಟಿ ಮಾಡಿದ ಕಬಾಬಿಗೆ ಪಕ್ಕದಿಂದ ಚುಚ್ಚಬೇಕು. ಹಸಿ ಮಾಂಸಕ್ಕೆ ಚುಚ್ಚಿದ ಕಡ್ಡಿಯನ್ನು ಸೋಪುನೀರಿನಲ್ಲಿ ತೊಳೆಯದೆ ಮತ್ತೆ ಚುಚ್ಚಬಾರದು. ಬಣ್ಣ ನೋಡಿ ತೀರ್ಮಾನಿಸುವುದೂ ಸಲ್ಲದು: ಕೈಮಾ 71ಕ್ಕೆ ಬರುವ ಮೊದಲೇ ಕಂದಾಗಬಹುದು, ಎಳೆಯ ಕೋಳಿಯ ಮೂಳೆಯ ಸುತ್ತ 74 ದಾಟಿದ ಮೇಲೂ ಕೆಂಪು ಉಳಿಯಬಹುದು. ಮಾಂಸದಿಂದ ಒಸರುವ ಕೆಂಪು ರಸವನ್ನು ಜನ ರಕ್ತವೆಂದೇ ಕರೆಯುತ್ತಾರೆ. ಬಹುಮಟ್ಟಿಗೆ ಅದು ಮಯೋಗ್ಲೋಬಿನ್ ಎಂಬ ವರ್ಣದ್ರವ್ಯ ಬೆರೆತ ನೀರು. ‘ಕೆಂಪು ನೀರು’ ಎಂದರೆ ಸಾಕೆಂದು ತೋರುತ್ತದೆ.

ಈ ಎರಡು ಸ್ಥಿತಿಗಳಿಗೆ ಸದ್ಯ ನಾನು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಅಂಕಿಗೆ ಬಂದ ಸ್ಥಿತಿಗೆ ‘ಕಾವು ಮುಟ್ಟಿದೆ’; ಮೆತ್ತಗಾದ ಸ್ಥಿತಿಗೆ ‘ಬೆಂದಿದೆ’ ಅಥವಾ ‘ಹದಕ್ಕೆ ಬಂದಿದೆ’. ‘ಹದ’ ತೀರಾ ಸಡಿಲವಾದ ಪದ ಎಂದು ಒಬ್ಬ ಗೆಳೆಯರು ಆಕ್ಷೇಪಿಸಿದರು. ನನಗೆ ಹಾಗೆನ್ನಿಸುವುದಿಲ್ಲ. ಮಂಡ್ಯದ ಆಲೆಮನೆಗಳಲ್ಲಿ ಕೊಪ್ಪರಿಗೆಯ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ ನೋಡಿ, ‘ಹದ ಬಂತು’ ಎಂದು ಇಳಿಸುವ ಬಿಂದು 118 ಡಿಗ್ರಿಯ ಆಸುಪಾಸಿನದು; ಮೂರು ನಾಲ್ಕು ಡಿಗ್ರಿ ಹೆಚ್ಚುಕಡಿಮೆಯಾದರೆ ಬೆಲ್ಲ ಕಟ್ಟುವುದಿಲ್ಲ, ಇಲ್ಲವೇ ಸೀದು ಕಪ್ಪಾಗುತ್ತದೆ. ಅಷ್ಟು ಬಿಗಿಯಾದ ಅಳತೆಯನ್ನು ಹೊತ್ತ ಪದವನ್ನು ಸಡಿಲವೆನ್ನಲಾಗದು. ನನ್ನ ಅಳುಕು ಬೇರೆ: ‘ಹದ’ ನಾಲಗೆಯ, ಬೆರಳಿನ ತೀರ್ಮಾನ, ರೋಗಾಣು ಸತ್ತವೋ ಇಲ್ಲವೋ ಎಂಬುದು ನಾಲಗೆಗೆ ತಿಳಿಯುವ ಸಂಗತಿಯಲ್ಲ. ಆದ್ದರಿಂದ ಆ ಪದವನ್ನು ಅಂಕಿಯ ಕಡೆಗೆ ಎಳೆಯದಿರುವುದೇ ಮೇಲು.

ನಾಮಪದ ಬೇಕಾದ ಕಡೆ ಇನ್ನೊಂದು ಇಕ್ಕಟ್ಟು. ಬೇಯುವುದರ ಮಟ್ಟವನ್ನು ಸೂಚಿಸಲು ಕೆಲವರು ‘ಬೇವು’ ಎಂದು ಬರೆಯಬಹುದೆಂದರು. ವ್ಯಾಕರಣ ಒಪ್ಪಿದರೂ ಯುಗಾದಿಯ ಬೇವು ಮಾರನೆಯ ದಿನದ ಹೊಸತೊಡಕಿನ ಬಾಡಿನೊಳಗೆ ನುಸುಳಿಬಿಡುತ್ತದೆ. ‘ಬೇಯುವಿಕೆ’ ಉದ್ದವಾದರೂ ವಾಸಿ.

ಮೂರು ನಿಮಿಷ ಹಾಗೆಯೇ ಬಿಡುವುದಕ್ಕೆ ಏನೆನ್ನೋಣ? ‘ಮಾಂಸಕ್ಕೆ ವಿಶ್ರಾಂತಿ ಕೊಡಿ’ ಎಂದು ಅಡುಗೆಯ ವಿಡಿಯೋಗಳಲ್ಲಿ ಕೇಳಿದ್ದೇನೆ, ಅದು ಕೇಳಲು ನಗೆಪಾಟಲು. ‘ಆರಲು ಬಿಡಿ’ ಎಂದರೆ ಅರ್ಥವೇ ತಿರುಗುಮುರುಗಾಗುತ್ತದೆ, ಏಕೆಂದರೆ ಆ ಮೂರು ನಿಮಿಷ ಮಾಂಸ ಬಿಸಿಯಾಗಿಯೇ ಇದ್ದು ರೋಗಾಣುಗಳನ್ನು ಕೊಲ್ಲುವ ಕೆಲಸ ಮುಂದುವರಿಯಬೇಕು. ದೊಡ್ಡ ತುಂಡಾದರೆ ಹೊರಮೈಯ ಬಿಸಿ ಒಳಕ್ಕೆ ಹರಿದು ಒಳಗಾವು ಇಳಿಸಿದ ಮೇಲೂ ಕೆಲವು ಡಿಗ್ರಿ ಏರುತ್ತದೆ. ‘ಇಳಿಸಿ ಹಾಗೇ ಇಡಿ’ ಎಂದು ಬರೆದಿದ್ದೇನೆ. ‘ಮುಚ್ಚಿಡಿ’ ಎನ್ನಲು ಮನಸ್ಸಾದರೂ, ಹಬೆ ಕಟ್ಟಿ ಗರಿಗರಿಯಾದ ಹೊರಮೈ ಮೆತ್ತಗಾಗುವುದರಿಂದ ಬಿಟ್ಟಿದ್ದೇನೆ.

ಕೊನೆಯದಾಗಿ, ಉಪಕರಣ ಸರಿಯಾಗಿದೆಯೇ ಎಂದು ನೋಡುವ ಕ್ರಿಯೆ. ‘ಅಂಶಾಂಕನ’ ಎಂಬ ಪಾರಿಭಾಷಿಕ ಪದ ಮನೆಯೋದುಗರಿಗೆ ಭಾರ. ‘ತಾಳೆ ನೋಡುವುದು’ ಎಂಬ ಲೆಕ್ಕಪತ್ರದ ನುಡಿಗಟ್ಟು ಇಲ್ಲಿಗೆ ಚೆನ್ನಾಗಿ ಒಗ್ಗುತ್ತದೆಂದು ನನ್ನ ಎಣಿಕೆ. ಪುಡಿ ಮಾಡಿದ ಮಂಜುಗಡ್ಡೆ ತುಂಬಿದ ಲೋಟಕ್ಕೆ ನೀರು ಹಾಕಿ ಕಲಕಿ, ಕಡ್ಡಿಯ ತುದಿಯನ್ನು ತಳಕ್ಕೆ ತಾಗಿಸದೆ ಹಿಡಿದರೆ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ತೋರಿಸಬೇಕೆಂದು ಉಪಕರಣದ ಜೊತೆಗಿನ ಹಾಳೆ ಹೇಳುತ್ತದೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ನೀರು ಕುದಿಯುವುದು ಸುಮಾರು 97.4 ಡಿಗ್ರಿಗೆ. 97 ಕಂಡವರು ಉಪಕರಣ ಕೆಟ್ಟಿದೆಯೆಂದು ಅಂಗಡಿಗೆ ಹಿಂತಿರುಗಿಸಬೇಕಾಗಿಲ್ಲ. ಹೀಗಾಗಿ ‘ಕುದಿಬಿಂದು’ವಿನ ಪಕ್ಕದಲ್ಲಿ ‘ನಮ್ಮೂರಿನ ಕುದಿಬಿಂದು’ ಎಂದು ಸೇರಿಸಿದ್ದೇನೆ.

ನನ್ನ ಕೋರಿಕೆಗಳು ಎರಡು. ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಿಂದ ನಡೆದುಬಂದಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಮಾಂಸದ ವಿಭಾಗವೇ ಇದೆ; ಅಲ್ಲಿ ದುಡಿದವರು ಬಳಗದಲ್ಲಿದ್ದರೆ, ಪ್ರಯೋಗಶಾಲೆಯಲ್ಲಿ ಕನ್ನಡದಲ್ಲಿ ಮಾತನಾಡಿಕೊಳ್ಳುವಾಗ ಒಳಗಾವಿಗೆ ಏನೆನ್ನುತ್ತಿದ್ದಿರಿ ಎಂಬುದನ್ನು ತಿಳಿಸಬೇಕು. ಹಾಗೆಯೇ, ಮಾಂಸ ಹಸಿತನ ಕಳೆದುಕೊಂಡಿದೆ ಆದರೆ ಇನ್ನೂ ಮೆತ್ತಗಾಗಿಲ್ಲ ಎಂಬ ನಡುಸ್ಥಿತಿಗೆ ನಾಗಮಂಗಲ, ಪಾಂಡವಪುರ, ಹುಣಸೂರು, ಕೊಳ್ಳೇಗಾಲದ ಕಡೆಯ ಮನೆಗಳಲ್ಲಿ, ಮದುವೆಯ ಬೀಗರೂಟಕ್ಕೆ ಕೊಪ್ಪರಿಗೆಯಿಟ್ಟು ಬೇಯಿಸುವ ಅಡುಗೆಯವರ ಬಾಯಲ್ಲಿ ಪ್ರತ್ಯೇಕವಾದ ಮಾತೊಂದಿದ್ದರೆ ದಯವಿಟ್ಟು ವಾಕ್ಯದ ಸಮೇತ ಬರೆದು ಕಳಿಸಿ. ಅಂಥ ಮಾತು ಸಿಕ್ಕರೆ ‘ಕಾವು ಮುಟ್ಟಿದೆ’ ಎಂಬ ನನ್ನ ಕಟ್ಟುಪದವನ್ನು ತೆಗೆದು ಅದನ್ನೇ ಅಚ್ಚಿಗೆ ಕೊಡುತ್ತೇನೆ.