ಡ್ಯಾಪಿ: ನ್ಯೂಕ್ಲಿಯಸ್ ಮಂಕು, ಹಿನ್ನೆಲೆಯೆಲ್ಲ ನೀಲಿ, ಏಕೆ?

ಪ್ರಶ್ನೆ:
4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿದ (ಇದ್ದ ಸ್ಥಿತಿಯಲ್ಲೇ ಸ್ಥಿರಗೊಳಿಸಿದ) ಕೋಶಗಳು. ಡಿಎನ್ಎಗೆ ಅಂಟಿ ನೀಲಿಯಾಗಿ ಹೊಳೆಯುವ ಬಣ್ಣವಾದ ಡ್ಯಾಪಿಯ ಪುಡಿಯನ್ನು ನೇರವಾಗಿ ಪಿಬಿಎಸ್‌ಗೆ (ಫಾಸ್ಫೇಟ್ ಇರುವ ಉಪ್ಪಿನ ಬಫರ್) ಹಾಕಿ ಸ್ಟಾಕ್ (ಗಾಢ ಮೂಲ ದ್ರಾವಣ) ಮಾಡಿದ್ದು. ಟ್ಯೂಬಿನ ತಳದಲ್ಲಿ ಹಳದಿ ಗಷ್ಟು ನಿಂತಿದೆ. ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಲೆಕ್ಕದಲ್ಲಿ 20 ನಿಮಿಷ ಇಟ್ಟರೂ ನ್ಯೂಕ್ಲಿಯಸ್ ಎದ್ದು ಕಾಣುವುದಿಲ್ಲ, ಎಲ್ಲೆಡೆ ನೀಲಿ ಚುಕ್ಕಿ. ಮೈಕ್ರೋಸ್ಕೋಪಿನ ಹಸಿರು ಚಾನೆಲ್‌ನಲ್ಲೂ (ಹಸಿರು ಬೆಳಕನ್ನಷ್ಟೇ ಹಿಡಿಯುವ ಚಿತ್ರ) ನ್ಯೂಕ್ಲಿಯಸ್ ಕಾಣುತ್ತದೆ. ಹಸಿರು ಆಂಟಿಬಾಡಿ ಹಾಕಿರುವುದು ಸೈಟೋಪ್ಲಾಸಮ್ಮಿನ ಪ್ರೋಟೀನಿಗೆ.

ಉತ್ತರ 1:
ಆ ಗಷ್ಟೇ ಮೂಲ. ಡ್ಯಾಪಿ ಪುಡಿ ಫಾಸ್ಫೇಟ್ ಬಫರ್‌ನಲ್ಲಿ ಸರಿಯಾಗಿ ಕರಗುವುದಿಲ್ಲ. 10 ಮಿಲಿಗ್ರಾಂ ಪುಡಿಗೆ 2 ಮಿಲಿಲೀಟರ್ ಶುದ್ಧ ನೀರು ಹಾಕಿ, ಪೂರ್ತಿ ತಿಳಿಯಾಗುವವರೆಗೆ ವೋರ್ಟೆಕ್ಸ್ ಮಾಡಿ (ಯಂತ್ರದಲ್ಲಿ ಜೋರಾಗಿ ಅಲುಗಿಸಿ). ಸಣ್ಣ ಸಣ್ಣ ಟ್ಯೂಬಿಗೆ ಹಂಚಿ, ಬೆಳಕು ತಾಗದಂತೆ ಮೈನಸ್ 20 ಡಿಗ್ರಿಯಲ್ಲಿಡಿ. ಬಳಸುವಾಗ ಪಿಬಿಎಸ್‌ನಲ್ಲಿ ತೆಳುಮಾಡಿದರೆ ತೊಂದರೆಯಿಲ್ಲ.

ಮಿಲಿಲೀಟರಿಗೆ 1 ಮೈಕ್ರೋಗ್ರಾಂ, 5 ನಿಮಿಷ ಧಾರಾಳವಾಗಿ ಸಾಕು. ಆಮೇಲೆ ಪಿಬಿಎಸ್‌ನಲ್ಲಿ ಮೂರು ಸಲ ತೊಳೆಯಿರಿ. ಡಿಎನ್ಎಯ ಕಿರಿದಾದ ತೋಡಿನಲ್ಲಿ, ಅದರಲ್ಲೂ ಎ-ಟಿ ಬೇಸ್ ಜೋಡಿಗಳು ಹೆಚ್ಚಿರುವ ಕಡೆ ಕೂತಾಗ ಡ್ಯಾಪಿಯ ಹೊಳಪು ಸುಮಾರು 20 ಪಟ್ಟು ಏರುತ್ತದೆ. ಕೂರಲು ಜಾಗ ಸಿಗದೆ ಉಳಿದದ್ದು ಹಿನ್ನೆಲೆಯನ್ನಷ್ಟೇ ಬೆಳಗಿಸುತ್ತದೆ. ಫಿಕ್ಸ್ ಆದ ಮೇಲೆ 0.1% ಟ್ರೈಟಾನ್‌ನಲ್ಲಿ (ಪೊರೆಯಲ್ಲಿ ರಂಧ್ರ ಮಾಡುವ ಡಿಟರ್ಜೆಂಟ್) 10 ನಿಮಿಷ ಇಟ್ಟಿದ್ದೀರಾ? ಡಿಎನ್ಎಗೆ ಅಂಟುವ ವಸ್ತುವಾದ್ದರಿಂದ ಕೈಗವಸು ಬಿಡಬೇಡಿ.

ಉತ್ತರ 2:
ಹಸಿರು ಚಾನೆಲ್ ವಿಷಯ. ಡಿಎನ್ಎಗೆ ಅಂಟಿದ ಡ್ಯಾಪಿ 358 ನ್ಯಾನೋಮೀಟರ್ ಹತ್ತಿರ ಬೆಳಕು ಹೀರಿ 461ರ ಹತ್ತಿರ ಸೂಸುತ್ತದೆ, ಆದರೆ ಆ ಸೂಸುವ ಬೆಳಕಿನ ಬಾಲ 500 ದಾಟಿ ಹಸಿರಿಗೂ ತಾಗುತ್ತದೆ. ಇನ್ನೊಂದು ಕಾರಣವನ್ನು ಬಹಳ ಮಂದಿ ಗಮನಿಸುವುದೇ ಇಲ್ಲ: ಯುವಿ ಬೆಳಕು ಬಿದ್ದ ಡ್ಯಾಪಿಯ ಒಂದು ಭಾಗ ಹಸಿರು ಸೂಸುವ ರೂಪಕ್ಕೆ ಬದಲಾಗುತ್ತದೆ. ಡ್ಯಾಪಿ ಮಾತ್ರ ಹಾಕಿದ ಸ್ಲೈಡಿನಲ್ಲಿ ಯುವಿ ಬೀಳದ ಜಾಗ ಹುಡುಕಿ ಮೊದಲು ಹಸಿರು ಚಿತ್ರ ತೆಗೆಯಿರಿ. ಅದೇ ಜಾಗಕ್ಕೆ ಅರ್ಧ ನಿಮಿಷ ಯುವಿ ಬಿಟ್ಟು ಮತ್ತೆ ತೆಗೆಯಿರಿ. ಎರಡನೆಯದರಲ್ಲಿ ಮಾತ್ರ ನ್ಯೂಕ್ಲಿಯಸ್ ಮೂಡಿದರೆ ಇದೇ ಕಾರಣ. ಆಗ ಡ್ಯಾಪಿ ನೋಡುತ್ತಾ ಫೋಕಸ್ ಮಾಡುವುದನ್ನು ಬಿಟ್ಟು, ಕೆಂಪು, ಹಸಿರು ಮುಗಿಸಿ ಕೊನೆಗೆ ನೀಲಿ ತೆಗೆಯಿರಿ.

ಪ್ರಶ್ನೆ ಕೇಳಿದವರು:
ಟ್ರೈಟಾನ್ ಹಾಕಿದ್ದೇನೆ. ಚುಕ್ಕಿಗಳೆಲ್ಲ ಆ ಗಷ್ಟಿನವೇ ಎಂದು ತಿಳಿಯುವುದು ಹೇಗೆ? ಜೀವಂತ ಕೋಶಕ್ಕೂ ಇದನ್ನೇ ಹಾಕಬಹುದೇ?

ಉತ್ತರ 1:
ಕೋಶವಿಲ್ಲದ ಖಾಲಿ ಕವರ್‌ಸ್ಲಿಪ್‌ಗೂ ಅದೇ ದ್ರಾವಣ ಹಾಕಿ ನೋಡಿ. ಅಲ್ಲೂ ಚುಕ್ಕಿ ಕಂಡರೆ ಅದು ಗಷ್ಟು. ಹೊಸ ಸ್ಟಾಕ್ ಬಳಸಿದರೂ ಕೋಶಗಳ ಮೇಲೆ ಮಾತ್ರ ಒಂದೇ ಗಾತ್ರದ ಸಣ್ಣ ಚುಕ್ಕಿಗಳು ಮುತ್ತಿಕೊಂಡಿದ್ದರೆ ಮೈಕೋಪ್ಲಾಸ್ಮಾ (ಅತಿ ಸಣ್ಣ ಬ್ಯಾಕ್ಟೀರಿಯಾ) ಸೋಂಕಿನ ಅನುಮಾನ ಪಡಿ, ಪಿಸಿಆರ್ ಪರೀಕ್ಷೆ ಮಾಡಿಸಿ. ಜೀವಂತ ಕೋಶದ ಪೊರೆಯನ್ನು ಡ್ಯಾಪಿ ಸುಲಭವಾಗಿ ದಾಟದು. ಅದಕ್ಕೆ ಪೊರೆ ದಾಟಬಲ್ಲ ಹೋಕ್ಸ್ಟ್ 33342 ಎಂಬ ಬಣ್ಣ ಹಾಕಿ.